ಕಿಟ್‌ನಲ್ಲಿ ಅಕ್ಕಿ ಬೇಡ: ಮಲೆನಾಡಿನಲ್ಲಿ ಕಷ್ಟದ ಮನೆಗೆ ನೆರವಾಗುವುದು ಹೇಗೆ

ಕಷ್ಟದಲ್ಲಿರುವ ಮನೆಗೆ ಏನಾದರೂ ಕೊಡೋಣ ಅಂದ ಕೂಡಲೇ ನಮ್ಮ ಕಡೆ ಎಲ್ಲರ ತಲೆಗೂ ಬರುವುದು ಅಕ್ಕಿ. ಹತ್ತು ಕೆಜಿ ಅಕ್ಕಿ, ಎರಡು ಕೆಜಿ ಬೇಳೆ, ಒಂದು ಪ್ಯಾಕೆಟ್ ಎಣ್ಣೆ, ಚೀಲದ ಮೇಲೆ ಕೊಟ್ಟವರ ಹೆಸರು. ಒಳ್ಳೆ ಮನಸ್ಸಿನಿಂದಲೇ ಕೊಡುತ್ತಾರೆ, ಎರಡು ಮಾತಿಲ್ಲ. ಆದರೆ ಬಿಪಿಎಲ್ ಕಾರ್ಡ್ ಇರುವ ಮನೆಗೆ ಅಕ್ಕಿ ಸೊಸೈಟಿಯಲ್ಲೇ ಪುಕ್ಕಟೆ ಸಿಗುತ್ತದೆ. ಅವರಿಗೆ ಕಮ್ಮಿ ಬೀಳುವುದು ಅಕ್ಕಿಯಲ್ಲ, ಆಷಾಢದಲ್ಲಿ ಕೈಗೆ ನಾಲ್ಕು ಕಾಸು.

ಊರಲ್ಲೇ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಲ್ಲಿ ಕೂತು ಊರಿಗೆ ದುಡ್ಡು ಕಳಿಸುವವರಿಗಾಗಿ ಹೇಳುತ್ತೇನೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕೂಲಿಯವರ ವರ್ಷ ಅಡಿಕೆ ಹಿಂದೆ ಓಡುತ್ತದೆ. ಕೊಯ್ಲು, ಸುಲಿತ, ಬೇಯಿಸೋದು, ಒಣಗಿಸೋದು ಅಂತ ದೀಪಾವಳಿ ಆಸುಪಾಸಿನಿಂದ ಕೆಲವು ತಿಂಗಳು ಕೈತುಂಬ ಕೆಲಸ. ಆರಿದ್ರಾ ಮಳೆ ಹಿಡಿಯಿತು ಅಂದರೆ ಕೂಲಿ ಅಷ್ಟಕ್ಕಷ್ಟೆ. ಗದ್ದೆ ನೆಟ್ಟಿ ಇದ್ದಷ್ಟು ದಿನ ಒಂದಿಷ್ಟು, ಮಳೆ ಹೊಳವಾದ ದಿನ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವವರಿಗೆ ಒಂದಿಷ್ಟು, ಉಳಿದವರು ಮನೆಯಲ್ಲಿ. ಮಾಡು ಸೋರುವುದು, ಮಕ್ಕಳಿಗೆ ಜ್ವರ ಬರುವುದು, ಶಾಲೆ ಶುರುವಾಗುವುದು, ಸಂಘದ ಕಂತು ಕಟ್ಟುವುದು ಎಲ್ಲವೂ ಸರಿಯಾಗಿ ಅದೇ ಹೊತ್ತಿಗೆ ಬರುತ್ತವೆ.

ಹಾಗಾಗಿ ದುಡ್ಡು ಎತ್ತುವುದು ಮಾರ್ಚ್, ಏಪ್ರಿಲ್‌ನಲ್ಲಿ. ಅಡಿಕೆ ಮಾರುವ ಸಹಕಾರ ಸಂಘ ಮ್ಯಾಮ್ಕೋಸ್‌ಗೋ ಮಂಡಿಗೋ ಅಡಿಕೆ ಹಾಕಿ ತೋಟದವರ ಕೈಗೆ ದುಡ್ಡು ಬಂದಿರುವ ಸಮಯ ಅದು, ಕೇಳಿದರೆ ಕೊಡುತ್ತಾರೆ. ಜುಲೈನಲ್ಲಿ ಹೋಗಿ ಕೇಳಿ ನೋಡಿ, ಕೊಳೆ ಬಂದು ಕಾಯಿ ಉದುರುತ್ತಿದೆ ಅಂತ ಅವರೇ ನಿಮ್ಮ ಹತ್ತಿರ ಗೋಳು ಹೇಳುತ್ತಾರೆ. ಸಾಮಾನು ಕೊಳ್ಳುವುದು ಮೇ ತಿಂಗಳಲ್ಲಿ. ಜೂನ್ ಮೊದಲ ವಾರದೊಳಗೆ ತಲುಪಿಸಿಬಿಡಿ. ಆಮೇಲೆ ಕೆಲವು ಮನೆಗೆ ಗಾಡಿ ಬಿಡಿ, ನಡೆದು ಹೋಗುವುದೂ ಕಷ್ಟ.

ಯಾವ ಮನೆ?

ಇಲ್ಲೇ ಜಾಸ್ತಿ ಎಡವುವುದು. ಬಯಲುಸೀಮೆ ಹಾಗೆ ಇಲ್ಲಿ ಊರು ಅಂದರೆ ಒಂದು ಕಡೆ ಗುಂಪಾಗಿ ಇರುವುದಿಲ್ಲ. ಒಂದು ಮನೆ ರಸ್ತೆ ಪಕ್ಕ, ಇನ್ನೊಂದು ತೋಟ ದಾಟಿ ಹಳ್ಳದ ಆಚೆ, ಮತ್ತೊಂದು ಗುಡ್ಡದ ನೆತ್ತಿ ಮೇಲೆ. ರಸ್ತೆ ಪಕ್ಕದ ಮನೆಗೆ ಮೂರು ಸಂಘದವರು ಮೂರು ಕಿಟ್ ಕೊಟ್ಟು ಹೋಗಿರುತ್ತಾರೆ, ಹಳ್ಳದ ಆಚೆ ಮನೆಗೆ ಒಬ್ಬರೂ ಹೋಗಿರುವುದಿಲ್ಲ. ಅಲ್ಲಿ ನೆಟ್‌ವರ್ಕ್ ಇಲ್ಲ, ಫೋನ್ ಮಾಡಿ ಕೇಳುವವರೂ ಅವರಲ್ಲ.

ಪಟ್ಟಿ ಮಾಡಲು ಊರಿನ ದೊಡ್ಡ ಮನುಷ್ಯರನ್ನು ಒಬ್ಬರನ್ನೇ ನಂಬಬೇಡಿ. ಅವರ ಪಟ್ಟಿಯಲ್ಲಿ ಅವರ ತೋಟಕ್ಕೆ ಬರುವವರೇ ಇರುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರು ಹಾಸಿಗೆ ಹಿಡಿದಿದ್ದಾರೆ ಅಂತ ಅವರಿಗೆ ಗೊತ್ತು. ಅಂಗನವಾಡಿ ಟೀಚರನ್ನು ಕೇಳಿ. ಸೊಸೈಟಿಯಲ್ಲಿ ಅಕ್ಕಿ ಅಳೆಯುವವರನ್ನು ಕೇಳಿ, ಯಾರು ಎರಡು ತಿಂಗಳಿಂದ ಬಂದಿಲ್ಲ ಅನ್ನುವುದು ಅವರಿಗೇ ಮೊದಲು ತಿಳಿಯುವುದು. ಮೂವರಲ್ಲಿ ಇಬ್ಬರು ಹೇಳಿದ ಮನೆ ಮೊದಲು. ಹೊರಗಿನಿಂದ ಕೆಲಸಕ್ಕೆ ಬಂದು ತೋಟದ ಶೆಡ್‌ನಲ್ಲಿ ಇರುವವರ ನೆನಪು ಯಾರಿಗೂ ಬರುವುದಿಲ್ಲ, ನೀವೇ ಕೇಳಿ ತಿಳಿದುಕೊಳ್ಳಿ. ಅವರ ಊರಿನ ರೇಷನ್ ಕಾರ್ಡ್‌ಗೆ ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿ ಇಲ್ಲೂ ಧಾನ್ಯ ಸಿಗುತ್ತದೆ. ಅದು ಗೊತ್ತಿಲ್ಲದೆ ಅಂಗಡಿಯಲ್ಲಿ ದುಡ್ಡು ಕೊಟ್ಟು ಅಕ್ಕಿ ತರುತ್ತಿರುತ್ತಾರೆ. ಕಾರ್ಡೇ ಇಲ್ಲದ ಮನೆ ಸಿಕ್ಕಿದರೆ ಮಾತ್ರ ಅಕ್ಕಿ ಕೊಡಿ, ಧಾರಾಳವಾಗಿ ಕೊಡಿ.

ಏನು ಬೇಕು ಅಂತ ಕೇಳಬೇಡಿ

ಬಾಗಿಲಲ್ಲಿ ನಿಂತು "ನಿಮಗೆ ಏನು ಬೇಕು" ಅಂದರೆ ಬರುವ ಉತ್ತರ "ಏನೂ ಬೇಡ, ಚೆನ್ನಾಗಿದೀವಿ". ಮಾನವಂತರು ಹಾಗೇ ಹೇಳುವುದು. ಜಗಲಿ ಮೇಲೆ ಕೂತು, ಅವರು ಕೊಟ್ಟ ಕಾಫಿ ಕುಡಿದು, ಬೇರೆ ಮಾತು ಆಡಿ.

"ಏನಕ್ಕ, ಸೌದೆ ಎಲ್ಲ ಒಟ್ಟಿ ಆಯ್ತಾ?"

"ಎಲ್ಲಿ ಆಗತ್ತೆ ಮಾರಾಯ್ರೆ, ಒಟ್ಟಿದ್ದೂ ನೆನೀತಿದೆ. ಹಿಂದಿನ ಮಾಡಿನ ಹೆಂಚು ಮಂಗ ಹಾರಿ ಹಾರಿ ಪುಡಿ ಆಗಿದೆ. ಇವರಿಗೆ ಸೊಂಟ ಹಿಡಿದ ಮೇಲೆ ಮೇಲೆ ಹತ್ತೋರು ಯಾರು?"

ಇಷ್ಟು ಸಾಕಲ್ವಾ? ಈ ಮನೆಗೆ ಬೇಕಾಗಿರುವುದು ಬೇಳೆಯಲ್ಲ. ಒಂದಿಷ್ಟು ಹೆಂಚು, ಮಾಡು ಹತ್ತುವ ಇಬ್ಬರು, ಒಂದು ತಾಡಪಾಲು. ಯಜಮಾನರ ಸೊಂಟಕ್ಕೆ ಡಾಕ್ಟರು ಏನು ಹೇಳಿದರು ಅನ್ನುವುದನ್ನು ಮುಂದಿನ ಮಾತಿನಲ್ಲಿ ಕೇಳಬಹುದು.

ಮಾಡು ರಿಪೇರಿ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದಕ್ಕಿಂತ ದೊಡ್ಡ ಉಪಕಾರ ಮಳೆಗಾಲಕ್ಕೆ ಮುಂಚೆ ಇನ್ನೊಂದಿಲ್ಲ. ಮೇ ತಿಂಗಳ ಒಂದು ಭಾನುವಾರ ಐದಾರು ಜನ ಹೋಗಿ. ಹೆಂಚು ಇಳಿಸಿ, ಹುಳ ಹಿಡಿದ ರೀಪು ಬದಲಾಯಿಸಿ, ಒಡೆದ ಹೆಂಚು ತೆಗೆದು ಹೊಸದು ಹೊದಿಸಿ. ಹಳೆ ಮನೆ ಕೆಡವಿದ ಕಡೆ ಒಳ್ಳೆಯ ಹೆಂಚು ರಾಶಿ ಬಿದ್ದಿರುತ್ತವೆ, ಕೇಳಿದರೆ ಕಡಿಮೆ ದುಡ್ಡಿಗೆ, ಕೆಲವರು ಸುಮ್ನೆ, ಕೊಡುತ್ತಾರೆ. ಆದರೆ ಹೋಗುವ ಮೊದಲು ಮನೆ ಹೆಂಚಿನ ಒಂದು ಮಾದರಿ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಳತೆ ಬೇರೆಯಾದರೆ ಕೊಂಡಿ ಕೂರುವುದಿಲ್ಲ. ತಾಡಪಾಲು ಕೊಳ್ಳುವಾಗ ತೆಳುವಾದ ನೀಲಿ ಹಾಳೆ ತರಬೇಡಿ, ಅದು ಪುಷ್ಯ ಮಳೆ ಗಾಳಿಗೇ ಚಿಂದಿಯಾಗುತ್ತದೆ. ಅಂಗಡಿಯಲ್ಲಿ ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ) ಎಷ್ಟು ಅಂತ ಕೇಳಿ, 150ಕ್ಕಿಂತ ಕಡಿಮೆ ಬೇಡ. ಜೊತೆಗೆ ಹಗ್ಗ ತನ್ನಿ. ಹಗ್ಗ ಮರೆತು ತಾಡಪಾಲು ಮಾತ್ರ ಕೊಟ್ಟು ಬರುವವರು ಬೇಕಾದಷ್ಟು ಜನ ಇದ್ದಾರೆ.

ಆಳಿನ ಸಹಾಯದಲ್ಲಿ ಇನ್ನೊಂದು ಅನುಕೂಲ ಇದೆ. ನಮ್ಮಲ್ಲಿ ಮುಯ್ಯಾಳಿನ ಪದ್ಧತಿ ಎಲ್ಲರಿಗೂ ಗೊತ್ತು. ಇವತ್ತು ನಾವು ನಿಮ್ಮ ಮಾಡು ಹತ್ತಿದರೆ ನಾಳೆ ನೀವು ನಮ್ಮ ಮನೆ ಸುಲಿತಕ್ಕೋ, ಮದುವೆ ಚಪ್ಪರಕ್ಕೋ ಬರುತ್ತೀರಿ. ದುಡ್ಡು ತೆಗೆದುಕೊಳ್ಳಲು ನಾಚುವ ಮನೆಯವರು ಮುಯ್ಯಾಳು ಅಂದರೆ ತಲೆ ಎತ್ತಿಕೊಂಡೇ ಒಪ್ಪುತ್ತಾರೆ. ಹೊಟ್ಟೆ ತುಂಬಿದವರ ಮನೆಯವರೂ ಬಡವರ ಮನೆಯವರೂ ಒಂದೇ ಏಣಿ ಹಿಡಿಯುತ್ತಾರೆ, ಅದೇನು ಸಣ್ಣ ವಿಷಯ ಅಲ್ಲ.

ಕಿಟ್ ಕೊಡಲೇಬೇಕು ಅಂದರೆ ತೊಗರಿಬೇಳೆ, ಹೆಸರುಕಾಳು, ಹುರುಳಿ, ಎಣ್ಣೆ, ಬೆಲ್ಲ, ಕಾಫಿಪುಡಿ, ಬಟ್ಟೆ ಸೋಪು, ಮೇಣದ ಬತ್ತಿ, ಬೆಂಕಿಪೊಟ್ಟಣ ಇಡಿ. ತಿನ್ನುವ ಮನೆಯಾದರೆ ಒಣಮೀನು. ಕರೆಂಟ್ ವಾರಗಟ್ಟಲೆ ಹೋಗುವ ಕಡೆ ಒಂದು ಚಾರ್ಜಿಂಗ್ ಟಾರ್ಚು. ಎಲ್ಲವನ್ನೂ ರಟ್ಟಿನ ಪೆಟ್ಟಿಗೆಯಲ್ಲಿ ಕೊಡಬೇಡಿ, ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಕೊಡಿ. ಜುಲೈ ಥಂಡಿಗೆ ಬೇಳೆ ಬೂಸ್ಟು ಹಿಡಿಯುತ್ತದೆ. ಡಬ್ಬ ಆಮೇಲೂ ಬೇಕಾಗುತ್ತದೆ.

ಶಾಲೆ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟ ಸರ್ಕಾರಿ ಶಾಲೆಯಲ್ಲೇ ಸಿಗುತ್ತದೆ. ಕೊಡೆ, ರೈನ್‌ಕೋಟ್ ಸಿಗುವುದಿಲ್ಲ, ಅದನ್ನು ಕೊಡಿ. ನೋಟ್‌ಬುಕ್, ಪ್ಲಾಸ್ಟಿಕ್ ಚಪ್ಪಲಿ ಬೇಕಾ ಅಂತ ಕೇಳಿ ಕೊಡಿ. ಬಸ್ಸಿನ ಲೆಕ್ಕವನ್ನೂ ನೋಡಿ. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ನಿಜ, ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಒಳ ಊರುಗಳಿಗೆ ಬರುವುದು ಹೆಚ್ಚಾಗಿ ಖಾಸಗಿ ಬಸ್ಸು. ಪಿಯುಸಿಗೆ ಪೇಟೆಗೆ ಹೋಗುವ ಹುಡುಗಿ ದಿನಾ ಟಿಕೆಟ್ ತೆಗೆಸಲೇಬೇಕು, ಎಷ್ಟೋ ಹೆಣ್ಣುಮಕ್ಕಳ ಓದು ನಿಲ್ಲುವುದು ಈ ಸಣ್ಣ ದುಡ್ಡಿಗೆ. ಬಸ್ಸಿನ ಮಾಲೀಕರ ಹತ್ತಿರ ಒಂದು ಮಾತು ಆಡಿ, ತಿಂಗಳ ದುಡ್ಡು ಒಟ್ಟಿಗೆ ಕಟ್ಟುತ್ತೇವೆ ಅಂದರೆ ಕಡಿಮೆ ಮಾಡುವವರಿದ್ದಾರೆ.

ಆಸ್ಪತ್ರೆ

ಯಾರಿಗೋ ದೊಡ್ಡ ಕಾಯಿಲೆ ಅಂತ ಸುದ್ದಿ ಬಂದರೆ ದುಡ್ಡು ಎತ್ತುವ ಮೊದಲು ಕಾರ್ಡ್ ನೋಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಅಲ್ಲದ ಕಾಯಿಲೆಗೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಿ, ಅಲ್ಲಿ ಆಗುವುದಿಲ್ಲ ಅಂದರೆ ರೆಫರಲ್ ಚೀಟಿ ಬರೆಸಿಕೊಂಡು ಮುಂದೆ ಹೋಗಬೇಕು. ಚೀಟಿ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಅಡ್ಮಿಟ್ ಆಗಿ, ಆಮೇಲೆ ಊರೆಲ್ಲ ದುಡ್ಡು ಎತ್ತುವುದು ನಡೆಯುತ್ತಲೇ ಇರುತ್ತದೆ.

ಯೋಜನೆಯಲ್ಲಿ ಬರದಿರುವುದಕ್ಕೆ ನಿಮ್ಮ ದುಡ್ಡು ಇರಲಿ. ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಖರ್ಚು ಆಗದೆ ಇರಬಹುದು. ಆದರೆ ಹೊಸನಗರದ ಒಳಗಿನ ಊರಿಂದ ಬಂದು ಹತ್ತು ದಿನ ವಾರ್ಡಿನ ಹೊರಗೆ ಮಲಗುವ ಹೆಂಡತಿಯ ಊಟ, ಬಸ್ ಚಾರ್ಜು, ಮನೆಯಲ್ಲಿ ಬಿಟ್ಟುಬಂದ ಮಕ್ಕಳು, ದನ, ನಿಂತುಹೋದ ಇಬ್ಬರ ಕೂಲಿ, ಇದಕ್ಕೆ ಯಾವ ಕಾರ್ಡೂ ಇಲ್ಲ. ಇಬ್ಬರು ಸರದಿಯಲ್ಲಿ ಹೋಗಿ ಹಾಲು ಕರೆದುಕೊಟ್ಟರೂ ಅದು ನೆರವೇ.

ಮಂಗನ ಕಾಯಿಲೆಯ ವಿಷಯ ಬೇರೆ ಹೇಳಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ರೋಗ, ಇವತ್ತಿಗೂ ಬಿಟ್ಟಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ, ಅಂದರೆ ಕೂಲಿ ಸಿಗುವ ಕಾಲದಲ್ಲೇ. ಜ್ವರ ಇಳಿದ ಮೇಲೂ ವಾರಗಟ್ಟಲೆ ನಿಶ್ಶಕ್ತಿ, ಕೊಡಪಾನ ಎತ್ತಲೂ ಆಗುವುದಿಲ್ಲ. ಆ ಮನೆಯ ವರ್ಷದ ಸಂಪಾದನೆಯೇ ಹೋದ ಹಾಗೆ. ಆಸ್ಪತ್ರೆಯಿಂದ ಮನೆಗೆ ಬಂದರು, ಇನ್ನು ಚಿಂತೆ ಇಲ್ಲ ಅಂತ ಎಲ್ಲರೂ ಕೈಬಿಡುತ್ತಾರೆ. ನಿಮ್ಮ ಸಹಾಯ ಅಲ್ಲಿಂದ ಶುರುವಾಗಲಿ.

ಜೇಬಿನಿಂದ ಕಾಸು ಬಿಚ್ಚದೆ ಮಾಡುವ ಕೆಲಸ

ಒಂದು ದಿನ ರಜೆ ಹಾಕಿ ಒಬ್ಬರನ್ನು ನಾಡಕಚೇರಿಗೆ ಕರೆದುಕೊಂಡು ಹೋಗಿ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಇದೆ, ಗಂಡ ತೀರಿಕೊಂಡವರಿಗೆ ವಿಧವಾ ವೇತನ ಇದೆ, ಅಂಗವಿಕಲರಿಗೆ ಬೇರೆ ಇದೆ. ಒಂದು ಸಲ ಮಂಜೂರಾದರೆ ತಿಂಗಳು ತಿಂಗಳು ಬರುತ್ತದೆ, ನಿಮ್ಮ ಕಿಟ್ ಒಂದು ತಿಂಗಳಿಗೆ ಖಾಲಿ. ಅರ್ಜಿ ಹಾಕಿಯೂ ದುಡ್ಡು ಬರುತ್ತಿಲ್ಲ ಅಂದರೆ ಬ್ಯಾಂಕಿನಲ್ಲಿ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿಸಿ, ಬಹಳ ಸಲ ಗಂಟು ಅಲ್ಲೇ ಇರುತ್ತದೆ. ವರ್ಷಗಟ್ಟಲೆ ಅಡಿಕೆ ಸುಲಿದು ಬೆರಳ ಗೆರೆ ಸವೆದುಹೋದ ಅಜ್ಜಿಯರ ಹೆಬ್ಬೆಟ್ಟು ಮೆಷಿನ್ನಿಗೆ ಸಿಗುವುದೇ ಇಲ್ಲ. ಅಂಥವರ ಆಧಾರ್‌ಗೆ ಮೊಬೈಲ್ ನಂಬರ್ ಸೇರಿಸಿ, ಬೆರಳು ಕಣ್ಣು ಎರಡನ್ನೂ ಹೊಸದಾಗಿ ಕೊಡಿಸಿ.

ಮಳೆಗೆ ಗೋಡೆ ಬಿದ್ದರೆ ಮಣ್ಣು ಎತ್ತುವ ಮುಂಚೆ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ, ಅವತ್ತೇ ಗ್ರಾಮ ಆಡಳಿತಾಧಿಕಾರಿಗೆ ಮತ್ತು ಪಂಚಾಯಿತಿ ಪಿಡಿಒಗೆ ತಿಳಿಸಿ, ಅರ್ಜಿ ಕೊಟ್ಟು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಹಕ್ಕುಪತ್ರ ಇಲ್ಲದ ಮನೆಗೆ ಪರಿಹಾರದ ದಾರಿ ಕಷ್ಟ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು, ಮುಳುಗಡೆಯಿಂದ ಎದ್ದು ಬಂದವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಊರು ಸೇರಿಸಿದ ದುಡ್ಡು ಮೊದಲು ಹೋಗಬೇಕಾದದ್ದು ಇಂಥ ಮನೆಗೆ.

ಕಂತಿನ ವಿಷಯ. ಮೈಕ್ರೋಫೈನಾನ್ಸ್ ಸಾಲ ಕಟ್ಟಲು ದುಡ್ಡು ಕೊಡಬಾರದು, ಅದು ದುರಭ್ಯಾಸ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಜಗಲಿ ಮೇಲೆ ವಸೂಲಿಯವನು ಕೂತಿರುವಾಗ ಒಳಗೆ ಬೇಳೆ ಬೇಯುವುದಿಲ್ಲ. ಆದರೆ ಎಲ್ಲ ಸಾಲವನ್ನೂ ಒಂದು ಹಾಳೆಯಲ್ಲಿ ಬರೆಸಿ, ಯಾವುದಕ್ಕೆ ಬಡ್ಡಿ ಜಾಸ್ತಿ ಅಂತ ನೋಡಿ ಅದನ್ನು ಮೊದಲು ತೀರಿಸಲು ಕೊಡಿ. ಬೆದರಿಸುತ್ತಿದ್ದರೆ ಪೊಲೀಸರಿಗೆ ಹೇಳಿ, ಬಲವಂತದ ವಸೂಲಿ ವಿರುದ್ಧ 2025ರಲ್ಲಿ ರಾಜ್ಯದಲ್ಲಿ ಕಾನೂನೇ ಬಂದಿದೆ.

ಲೆಕ್ಕ, ಫೋಟೋ

ದುಡ್ಡು ಒಬ್ಬರ ಸ್ವಂತ ಫೋನ್‌ಪೇ ನಂಬರಿಗೆ ಹಾಕಿಸಬೇಡಿ. ಆ ಮನುಷ್ಯ ಎಷ್ಟೇ ಒಳ್ಳೆಯವನಾಗಲಿ, ಅವನ ಮನೆ ಖರ್ಚಿನ ಜೊತೆ ಬೆರೆತರೆ ಊರಿನ ಬಾಯಿ ಮುಚ್ಚಿಸಲು ಆಗುವುದಿಲ್ಲ. ಇಬ್ಬರ ಸಹಿ ಇರುವ ಬೇರೆ ಖಾತೆ ಮಾಡಿ. ಬಂದದ್ದು, ಹೋದದ್ದು, ಬಿಲ್ಲು ಎಲ್ಲರಿಗೂ ಕಾಣಲಿ, ಯಾವ ಮನೆಗೆ ಹೋಯಿತು ಅನ್ನುವುದು ಮೂವರಿಗೆ ಮಾತ್ರ ಗೊತ್ತಿರಲಿ. ಚೀಲದ ಒಂದು ತುದಿ ಹತ್ತು ಜನ ಹಿಡಿದು, ಇನ್ನೊಂದು ತುದಿಯಲ್ಲಿ ತಲೆ ತಗ್ಗಿಸಿದ ಒಬ್ಬ ಹೆಂಗಸು ನಿಂತಿರುವ ಫೋಟೋ ಖಂಡಿತ ಬೇಡ. ಅವಳ ಮಗಳು ಅದೇ ಊರಿನ ಶಾಲೆಗೆ ಹೋಗಬೇಕು. ದುಡ್ಡು ಕೊಟ್ಟವರು ಸಾಕ್ಷಿ ಕೇಳಿದರೆ ಹೆಂಚಿನ ಫೋಟೋ ಕಳಿಸಿ.

ಮೊಬೈಲಿಗೆ ಬರುವ ಮಗುವಿನ ಫೋಟೋ, ಆಪರೇಷನ್, ಖಾತೆ ನಂಬರ್ ನೋಡಿ ಕೂಡಲೇ ಹಾಕಬೇಡಿ. ಆಸ್ಪತ್ರೆಗೆ ಫೋನ್ ಮಾಡಿ ರೋಗಿ ಇರುವುದು ನಿಜವಾ ಕೇಳಿ, ನಿಜವಾದರೆ ಆಸ್ಪತ್ರೆಯ ಖಾತೆಗೇ ಕಟ್ಟಿ. ತೆರಿಗೆ ರಿಯಾಯಿತಿ ಬೇಕಾದರೆ ಅದಕ್ಕೆ ಮಾನ್ಯತೆ ಪಡೆದ ಟ್ರಸ್ಟ್ ಮೂಲಕ ಕೊಡಬೇಕು, 2,000 ರೂಪಾಯಿ ಮೀರಿದ್ದನ್ನು ನಗದಾಗಿ ಕೊಟ್ಟರೆ ಅದೂ ಇಲ್ಲ. ಪಕ್ಕದ ಮನೆಯವರಿಗೆ ನೇರವಾಗಿ ಕೊಟ್ಟದ್ದಕ್ಕೆ ರಸೀದಿ ಬರುವುದಿಲ್ಲ.

ಬಂದ ದುಡ್ಡನ್ನೆಲ್ಲ ಜೂನ್‌ನಲ್ಲೇ ಹಂಚಿ ಕೈತೊಳೆದುಕೊಳ್ಳಬೇಡಿ, ಕಾಲು ಭಾಗ ಇಟ್ಟುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಹೆರಿಗೆ ನೋವು ಬಂದು, ಮರ ಬಿದ್ದು 108 ಬರುವುದು ತಡವಾದರೆ ಬಾಡಿಗೆ ಜೀಪ್ ಬೇಕಾಗುತ್ತದೆ. ಊರಿನ ಜೀಪಿನವರಿಗೆ ಮೊದಲೇ ಹೇಳಿಡಿ: ಯಾರೇ ಕರೆದರೂ ಹೊರಡಿ, ಬಾಡಿಗೆ ಅವರನ್ನು ಕೇಳಬೇಡಿ, ಬೆಳಿಗ್ಗೆ ನಮ್ಮನ್ನು ಕೇಳಿ. ಜೀಪಿನವರ ನಂಬರ್ ಆಶಾ ಅಕ್ಕನ ಹತ್ತಿರವೂ ಇರಲಿ.