ವಾಕ್ಯರೂಪದ ಲೆಕ್ಕಕ್ಕೆ ವೇಳಾಪಟ್ಟಿಯಲ್ಲಿ ಜಾಗ

ಸಮಸ್ಯೆ ಬಿಡಿಸುವ ತರಗತಿಯನ್ನು ಶನಿವಾರದ ಕೊನೆಯ ಅವಧಿಗೆ ಹಾಕಬೇಡಿ. ಸಭೆ, ತರಬೇತಿ ಅಂತ ಬಂದರೆ ಮೊದಲು ಹೋಗುವುದೇ ಅದು. ವಾರದ ಪಟ್ಟಿ ಬರೆಯುವಾಗ ಮಂಗಳವಾರವೋ ಬುಧವಾರವೋ ಊಟಕ್ಕೆ ಮುಂಚೆ 40 ನಿಮಿಷದ ಎರಡು ಅವಧಿ ಜೋಡಿಸಿ, ಅದನ್ನೇ ಮೊದಲು ತುಂಬಿ. ಒಂದೇ ಲೆಕ್ಕ ಸಾಕು.

12 ಮೀಟರ್ ಉದ್ದ, 8 ಮೀಟರ್ ಅಗಲದ ಕೈತೋಟದ ಸುತ್ತ 2 ಮೀಟರಿಗೊಂದು ಗೂಟ ನೆಟ್ಟರೆ ಎಷ್ಟು ಗೂಟ ಬೇಕು? ಬೋರ್ಡಿನ ಮೇಲೆ ಮೊದಲು ಅಂಕಿ ಇಲ್ಲದೆ ವಾಕ್ಯ ಮಾತ್ರ ಬರೆಯಿರಿ. ಅಂಕಿ ಕಂಡರೆ ಸಾಕು, ಮಕ್ಕಳು ಗುಣಿಸಿ 96 ಅಂದುಬಿಡುತ್ತಾರೆ. ಚಿತ್ರ ಬರೆಸಿ, ಆಮೇಲೆ ಅಂಕಿ ಕೊಡಿ. ಮೂಲೆಯ ಗೂಟವನ್ನು ಎರಡೆರಡು ಸಲ ಎಣಿಸಿದವರಿಗೆ 24 ಬರುತ್ತದೆ. ಉತ್ತರ 20 ಎಂದು ನೀವು ಹೇಳಬೇಡಿ. ಅಂಗಳದ ಮಣ್ಣಲ್ಲಿ ಕಡ್ಡಿ ನೆಟ್ಟು ಅವರೇ ಎಣಿಸಲಿ.