ಮೊದಲು ವಯಸ್ಸಿನ ಸಾಲು

ಯಾವ ಅರ್ಜಿ ಕರೆದರೂ ನಾನು ಮೊದಲು ಹುಡುಕುವುದು ಸಂಬಳವನ್ನಲ್ಲ, ಸಿಲೆಬಸ್ಸನ್ನೂ ಅಲ್ಲ, ವಯಸ್ಸಿನ ಸಾಲನ್ನು. 34ನೇ ವಯಸ್ಸಿನಲ್ಲಿ ಅಂಟಿದ ಚಾಳಿ ಇದು. 2014ರಲ್ಲಿ ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆದು, ಫೆಲೋಶಿಪ್ ತಗೊಂಡು ಪಿಎಚ್.ಡಿ. ಮಾಡೋಣ ಎಂದು ಹೊರಟಿದ್ದೆ. ಜೆಆರ್‌ಎಫ್ ಎಂಬ ಆ ಫೆಲೋಶಿಪ್‌ಗೆ ಆಗ ವಯಸ್ಸಿನ ಮಿತಿ 28. ಹೆಂಗಸರಿಗೆ ಐದು ವರ್ಷ ರಿಯಾಯಿತಿ ಸೇರಿಸಿದರೂ 33. ಒಂದೇ ಒಂದು ವರ್ಷ ತಡವಾಗಿತ್ತು.

ಹಿಂದಿನ ಕಥೆ ಬೇಗ ಹೇಳಿಬಿಡುತ್ತೇನೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಬೆಂಗಳೂರಿನ ಹೊರವಲಯದ ಔಷಧ ಕಾರ್ಖಾನೆಯೊಂದರ ಕ್ಯೂಸಿ (ಗುಣಮಟ್ಟ ಪರೀಕ್ಷೆಯ) ಲ್ಯಾಬ್‌ನಲ್ಲಿ ನಾಲ್ಕು ವರ್ಷ. ಮದುವೆ, ಮಗಳು, ದಾವಣಗೆರೆಗೆ ವಾಪಸ್. ಆಮೇಲೆ ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಸಂಬಳ ವರ್ಷಕ್ಕೆ ಎರಡು ಸಲ ಬಂದರೆ ಪುಣ್ಯ.

ನಡುವೆ ಒಂದು ಕಂಪನಿಯ ಸಂದರ್ಶನಕ್ಕೂ ಹೋಗಿದ್ದೆ. "ಈ ಎರಡು ವರ್ಷ ಏನ್ ಮಾಡ್ತಿದ್ರಿ?" ಎಂದರು. "ಮಗು ನೋಡ್ಕೊಳ್ತಿದ್ದೆ ಸರ್." ಅಷ್ಟಕ್ಕೇ ಪೆನ್ನಿನ ಕ್ಯಾಪ್ ಮುಚ್ಚಿಟ್ಟರು.

ಕಾಲೇಜಿನ ಗೆಳತಿಯೊಬ್ಬಳು ಹೇಳಿದ್ದು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಮಹಿಳಾ ವಿಜ್ಞಾನಿ ಯೋಜನೆಯ 'ಸಿ' ವಿಭಾಗದ ಬಗ್ಗೆ. ಆ ಇಲಾಖೆಯ ಕೆಳಗಿನ ಟೈಫ್ಯಾಕ್ ಎಂಬ ಸಂಸ್ಥೆ ಅದನ್ನು ನಡೆಸುತ್ತಿತ್ತು. ಪೇಟೆಂಟ್ ಕೆಲಸದಲ್ಲಿ ಒಂದು ವರ್ಷದ ತರಬೇತಿ, ಜೊತೆಗೆ ಸ್ಟೈಪೆಂಡ್. ವಯಸ್ಸಿನ ಸಾಲು ನೋಡಿದೆ: 45. ಪೇಟೆಂಟ್ ಎಂದರೇನು ಎಂದು ನೋಡಿದ್ದು ಅದಾದ ಮೇಲೆ! ಅಪ್ಪ "ಮತ್ತೆ ಪರೀಕ್ಷೆ ಏನವ್ವಾ?" ಎಂದರು. ಹ್ಞೂಂ, ಮತ್ತೆ ಪರೀಕ್ಷೆ.

ತರಬೇತಿಯ ಮೊದಲ ತಿಂಗಳು ಒಂದಕ್ಷರ ತಲೆಗೆ ಹೋಗಲಿಲ್ಲ. ಅರ್ಧ ಪುಟದ ಒಂದೇ ವಾಕ್ಯ, ಅದಕ್ಕೆ ಕ್ಲೇಮ್ ಎಂಬ ಹೆಸರು. ಒಂದು ದಿನ ಅಪ್ಪನ ಜಮೀನಿನ ಪತ್ರ ನೆನಪಾಯಿತು. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ. ಕ್ಲೇಮ್ ಕೂಡ ಚೆಕ್ಕುಬಂದಿಯೇ ಅಲ್ವಾ! ಬೆಳೆ ಎಷ್ಟು ಚೆನ್ನಾಗಿದೆ ಎಂದು ಅದು ಹೇಳುವುದಿಲ್ಲ, ಬೇಲಿ ಎಲ್ಲಿದೆ ಎಂದಷ್ಟೇ ಹೇಳುತ್ತದೆ. ಆಮೇಲೆ ಓದು ಸಲೀಸಾಯಿತು.

ಇನ್ನೊಂದು ದಿನ ಔಷಧಿಯೊಂದರ ಹೊಸ ಹರಳು ರೂಪಕ್ಕೆ ಸಂಬಂಧಿಸಿದ ಅರ್ಜಿ ಕೈಗೆ ಬಂತು. 'ಎಚ್‌ಪಿಎಲ್‌ಸಿಯಲ್ಲಿ ಶೇ. 99.5 ಶುದ್ಧ' ಎಂದು ಬರೆದಿದ್ದರು. ಎಚ್‌ಪಿಎಲ್‌ಸಿ ಎಂದರೆ ಮಿಶ್ರಣದಲ್ಲಿರುವುದನ್ನೆಲ್ಲ ಬೇರ್ಪಡಿಸಿ ಅಳೆಯುವ ಯಂತ್ರ. ಎಲ್ಲರೂ ಅದನ್ನು ದಾಟಿ ಮುಂದಿನ ಸಾಲಿಗೆ ಹೋದರು. ನನಗೆ ಆಗಲಿಲ್ಲ. ಬೇರ್ಪಡಿಸುವ ಕೊಳವೆ, ಅಂದರೆ ಕಾಲಮ್, ಯಾವುದು? ಅದರೊಳಗೆ ಹರಿಸಿದ ದ್ರವ, ಅಂದರೆ ಮೊಬೈಲ್ ಫೇಸ್, ಯಾವುದು? ಯಾವ ವೇವ್‌ಲೆಂತ್? ಯುವಿ ಡಿಟೆಕ್ಟರ್‌ನ ಆ ವೇವ್‌ಲೆಂತ್‌ಗೆ ಕಾಣದ ಕಲ್ಮಶ ಗ್ರಾಫಿನಲ್ಲಿ ಪೀಕೇ ಕೊಡುವುದಿಲ್ಲ. ಅಂಥ ಕಲ್ಮಶ ಇದ್ದರೂ ಕಾಗದದ ಮೇಲೆ ಮಾಲು ಶುದ್ಧ. ರಾತ್ರಿ ಪಾಳಿಯಲ್ಲಿ ನಾಲ್ಕು ವರ್ಷ ಬೇಸ್‌ಲೈನ್ ನೋಡುತ್ತಾ ತೂಕಡಿಸಿದವಳಿಗೆ ಇಷ್ಟೂ ಗೊತ್ತಿರಲ್ವಾ? ಸೀನಿಯರ್ ತಲೆಯೆತ್ತಿ ನೋಡಿದರು. ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಡಿ) ಪ್ರಕಾರ, ಗೊತ್ತಿರುವ ಪದಾರ್ಥದ ಹೊಸ ರೂಪಕ್ಕೆ ಪೇಟೆಂಟ್ ಬೇಕಾದರೆ ಅದರ ಪರಿಣಾಮಕಾರಿತ್ವ ಹೆಚ್ಚಿದೆ ಎಂದು ತೋರಿಸಬೇಕು. 2013ರಲ್ಲಿ ಸುಪ್ರೀಂ ಕೋರ್ಟು ಗ್ಲಿವೆಕ್ ಎಂಬ ಕ್ಯಾನ್ಸರ್ ಔಷಧಿಯ ಪ್ರಕರಣದಲ್ಲಿ ತೀರ್ಪು ಕೊಟ್ಟಿದ್ದು ಇದರ ಮೇಲೆಯೇ. ಹಾಗಾಗಿ ಇಂಥ ಅರ್ಜಿಯಲ್ಲಿ ಲ್ಯಾಬಿನ ಅಂಕಿಗಳನ್ನು ಸುಮ್ನೆ ನಂಬುವ ಹಾಗಿಲ್ಲ. ಅವತ್ತಿನಿಂದ ಔಷಧಿಯ ಫೈಲುಗಳೆಲ್ಲ ನನ್ನ ಮೇಜಿಗೇ ಬರತೊಡಗಿದವು.

ಉಳಿದದ್ದು ಪೇಟೆಂಟ್ ಕಚೇರಿಯಲ್ಲಿ ಅರ್ಜಿದಾರರ ಪರ ಕೆಲಸ ಮಾಡುವ ಪೇಟೆಂಟ್ ಏಜೆಂಟ್ ಆಗಲು ಬೇಕಾದ ಪರೀಕ್ಷೆ. 21 ತುಂಬಿರಬೇಕು, ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು. ಗರಿಷ್ಠ ಮಿತಿ ಇಲ್ಲವೇ ಇಲ್ಲ. ಪಿಎಚ್.ಡಿ. ಕೂಡ ಕೇಳುವುದಿಲ್ಲ. ಎರಡು ಪೇಪರ್, ಒಂದು ವೈವಾ. ಎರಡೂ ಪೇಪರ್‌ನಲ್ಲಿ ತಲಾ 50 ಅಂಕ, ಒಟ್ಟಾರೆ ಶೇ. 60 ಬೇಕು. 2016ರಲ್ಲಿ ಎರಡೂ ಪೇಪರ್‌ನಲ್ಲಿ 50 ದಾಟಿದೆ, ಒಟ್ಟು ಶೇ. 58ಕ್ಕೆ ನಿಂತಿತು. ಅಳು ಬಂದಿದ್ದು ಆ ಶೇ. 2ಕ್ಕಲ್ಲ. ಈ ಪರೀಕ್ಷೆ ವರ್ಷ ವರ್ಷ ನಡೆಯುವುದಿಲ್ಲವಲ್ಲ, ಅದಕ್ಕೆ. 2018ರವರೆಗೆ ಕಾದೆ. ಮಗಳ ಶಾಲೆಯ ಡೈರಿ ಒಂದು ಕಡೆ, ಪೇಟೆಂಟ್ ಕಾಯ್ದೆ ಇನ್ನೊಂದು ಕಡೆ ಇಟ್ಟುಕೊಂಡು ಅಡುಗೆಮನೆಯಲ್ಲೇ ಓದಿದೆ. ಆ ಸಲ ಪಾಸಾದೆ.

ಪಿಎಚ್.ಡಿ. ಆಗಲಿಲ್ಲ ಎಂಬ ಕೊರಗು ಹೋಗಿದೆ ಎಂದರೆ ಸುಳ್ಳಾಗುತ್ತದೆ. ಘಟಿಕೋತ್ಸವದ ಫೋಟೋ ಕಂಡರೆ ಈಗಲೂ ಒಂದು ಕ್ಷಣ ನಿಲ್ಲುತ್ತೇನೆ. ಮೀಟಿಂಗ್‌ಗಳಲ್ಲಿ ಕಂಪನಿಯವರು ಅಭ್ಯಾಸಬಲದಿಂದ "ಡಾಕ್ಟರ್" ಎಂದು ಕರೆಯುತ್ತಾರೆ. "ಅಲ್ಲ ಸರ್, ಬರೀ ಎಂ.ಎಸ್ಸಿ." ಎನ್ನುತ್ತೇನೆ. ಆಮೇಲೆ ಯಾವ ಕಾಲಮ್ ಬಳಸಿದಿರಿ ಎಂದು ಕೇಳುತ್ತೇನೆ.