ಲೈಟ್‌ಸ್ಕ್ರೈಬ್ ಮತ್ತು ಲಿನಕ್ಸ್: ಆಟದ ಡಿವಿಡಿಯ ಮೇಲೆ ಕನ್ನಡ ಹೆಸರು ಸುಡುವ ಬಗೆ

ಕುಂಬಳೆ, ಮಧೂರು ಕಡೆ ರಾತ್ರಿಯಿಡೀ ನಡೆಯುವ ಯಕ್ಷಗಾನ ಆಟವನ್ನು ಡಿವಿಡಿಗೆ ಹಾಕಿಟ್ಟರೆ ಒಂದು ಪ್ರಸಂಗಕ್ಕೆ ಎರಡು ಮೂರು ಡಿಸ್ಕ್ ಬೇಕು. ಮಾರ್ಕರ್‌ನಲ್ಲಿ ಬರೆದದ್ದು ಕೈ ತಾಗಿ ಮಾಸುತ್ತದೆ. ಕಾಗದದ ಸ್ಟಿಕ್ಕರ್ ಆಟಿ ತಿಂಗಳ ಮಳೆಯ ತೇವಕ್ಕೆ ಅಂಚು ಬಿಡುತ್ತದೆ. ತುಸು ಓರೆಯಾಗಿ ಅಂಟಿದರೂ ಡಿಸ್ಕ್ ಸುತ್ತುವಾಗ ಅದುರುತ್ತದೆ. ಡಿಸ್ಕಿನ ಮೇಲ್ಮೈಗೆ ಲೇಸರಿನಿಂದಲೇ ಹೆಸರು ಸುಡುವ ಹಳೆಯ ಲೈಟ್‌ಸ್ಕ್ರೈಬ್ ಡ್ರೈವ್ ಸಿಕ್ಕಿದರೆ ಈ ಎರಡೂ ತಾಪತ್ರಯ ಇಲ್ಲ.

ಡ್ರೈವ್ ಮತ್ತು ಡಿಸ್ಕ್ ಎರಡರ ಮೇಲೂ ಲೈಟ್‌ಸ್ಕ್ರೈಬ್ ಗುರುತು ಇರಲೇಬೇಕು. ಡಿಸ್ಕಿನ ಮೇಲ್ಮೈಗೆ ಬಳಿದ ರಾಸಾಯನಿಕವನ್ನು ಲೇಸರ್ ಕಪ್ಪಾಗಿಸುತ್ತದೆ, ಅಷ್ಟೇ. ಬಣ್ಣ ಬರುವುದಿಲ್ಲ, ಒಂದೇ ವರ್ಣದ ಛಾಯೆಗಳು. ಇದನ್ನು ರೂಪಿಸಿದ ಎಚ್‌ಪಿ ಕೈಬಿಟ್ಟು ವರ್ಷಗಳಾದವು. ಹಾಗಾಗಿ ಡಿಸ್ಕಿಗೂ ತಂತ್ರಾಂಶಕ್ಕೂ ಹಳೆಯ ದಾಸ್ತಾನನ್ನೇ ಹುಡುಕಬೇಕು.

ಬೇಕಾದ ತಂತ್ರಾಂಶ ಎರಡು: ಲೈಟ್‌ಸ್ಕ್ರೈಬ್ ಸಿಸ್ಟಮ್ ಸಾಫ್ಟ್‌ವೇರ್, ಮತ್ತು ಚಿತ್ರವನ್ನು ಡಿಸ್ಕಿಗೆ ಸುಡಿಸುವ ಲೇಸಿ ಕಂಪನಿಯ 4ಎಲ್. ಎರಡೂ 32 ಬಿಟ್. 64 ಬಿಟ್ ಡೆಬಿಯನ್ ಅಥವಾ ಉಬುಂಟುವಿನಲ್ಲಿ ಮೊದಲು ಐ386 (32 ಬಿಟ್) ಆರ್ಕಿಟೆಕ್ಚರ್ ಸೇರಿಸಿ, ಪ್ಯಾಕೇಜ್ ಪಟ್ಟಿ ಅಪ್‌ಡೇಟ್ ಮಾಡಿ, ಸಿ ಮತ್ತು ಸಿ ಪ್ಲಸ್ ಪ್ಲಸ್ ಲೈಬ್ರರಿಗಳ ಐ386 ಆವೃತ್ತಿ ಹಾಕಿ. ಈ ಹೆಜ್ಜೆ ಬಿಟ್ಟವರಿಗೆ ಸಿಗುವ ದೂರು ವಿಚಿತ್ರ: ಫೈಲ್ ಕಣ್ಣೆದುರೇ ಇದ್ದರೂ ‘ಅಂಥ ಫೈಲ್ ಇಲ್ಲ’ ಎನ್ನುತ್ತದೆ. ಇಲ್ಲದ್ದು ಪ್ರೋಗ್ರಾಮ್ ಅಲ್ಲ, ಅದನ್ನು ನಡೆಸುವ 32 ಬಿಟ್ ಲೋಡರ್. 4ಎಲ್ ಅನ್ನು ‘ಸುಡೋ’ (sudo) ಹಾಕಿ, ಅಂದರೆ ನಿರ್ವಾಹಕನ ಅಧಿಕಾರದಲ್ಲೇ ಓಡಿಸಿ. ಸಾಮಾನ್ಯ ಬಳಕೆದಾರನಿಗೆ ಡ್ರೈವ್ ಕಾಣಿಸದಿರಬಹುದು.

ನಿಜವಾದ ಕೆಲಸ ಇರುವುದು ಚಿತ್ರದಲ್ಲಿ. ಈ ಹಳೆಯ ಪ್ರೋಗ್ರಾಮ್‌ಗಳೊಳಗೆ ಕನ್ನಡ ಟೈಪ್ ಮಾಡುವ ಗೋಜಿಗೇ ಹೋಗಬೇಡಿ, ಒತ್ತಕ್ಷರ ಒಡೆದು ನಿಲ್ಲುವ ಸಂಭವ ಹೆಚ್ಚು. ಚಿತ್ರ ಬಿಡಿಸುವ ಇಂಕ್‌ಸ್ಕೇಪ್‌ನಲ್ಲಿ 120 ಮಿ.ಮೀ. ಚೌಕದ ಪುಟ ತೆರೆದು, ನಡುವೆ 50 ಮಿ.ಮೀ. ಮತ್ತು ಹೊರಗೆ 115 ಮಿ.ಮೀ. ವ್ಯಾಸದ ಎರಡು ವೃತ್ತ ಎಳೆಯಿರಿ. ಬರಹವೆಲ್ಲ ಇವುಗಳ ನಡುವೆ ಇರಲಿ. ನವಿಲು, ಗುಬ್ಬಿ, ನೋಟೊ ಸಾನ್ಸ್ ಕನ್ನಡ, ಯಾವುದಾದರೂ ಯೂನಿಕೋಡ್ ಫಾಂಟ್ ಸರಿ. ಡಿಟಿಪಿ ಅಂಗಡಿಯಿಂದ ತಂದ ಹಳೆಯ ‘ನುಡಿ’ ತಂತ್ರಾಂಶದ ಫೈಲ್ ಆದರೆ ಯೂನಿಕೋಡಿಗೆ ಬದಲಿಸದ ಹೊರತು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಬರಹವನ್ನು ವೃತ್ತದ ಮೇಲೆ ಬಾಗಿಸಿದಾಗ ಅಕ್ಷರದ ಬುಡ ಕೇಂದ್ರದತ್ತ ತಿರುಗುತ್ತದೆ, ಒತ್ತುಗಳು ಒಂದಕ್ಕೊಂದು ತಾಗುತ್ತವೆ. ಅಕ್ಷರಗಳ ಅಂತರ ಸ್ವಲ್ಪ ಹೆಚ್ಚಿಸಿ, ದಪ್ಪ ಅಕ್ಷರವನ್ನೇ ಆರಿಸಿ. 12 ಪಾಯಿಂಟಿಗಿಂತ ಚಿಕ್ಕದಾದರೆ ಒತ್ತಿನ ತೆಳು ಗೆರೆ ಮಂಕಾಗಿ ಹೋಗುತ್ತದೆ. ಪ್ರಸಂಗ, ಭಾಗವತರ ಹೆಸರು, ಸ್ಥಳ, ದಿನಾಂಕ, ‘3ರಲ್ಲಿ 1’ ಎಂಬ ಕ್ರಮಸಂಖ್ಯೆ ಇಷ್ಟಿದ್ದರೆ ಸಾಕು.

ಅಳತೆಯ ವೃತ್ತಗಳನ್ನು ಅಳಿಸಿ, 600 ಡಿಪಿಐಯಲ್ಲಿ ಪಿಎನ್‌ಜಿ ಮಾಡಿದರೆ ಒಂದು ಬದಿ ಸುಮಾರು 2835 ಪಿಕ್ಸೆಲ್. ಅದನ್ನು ಚಿತ್ರ ತಿದ್ದುವ ಗಿಂಪ್‌ನಲ್ಲಿ ತೆರೆದು, ಬಿಳಿ ಹಿನ್ನೆಲೆಯ ಮೇಲೆ ಪದರಗಳನ್ನು ಒಂದಾಗಿಸಿ, 24 ಬಿಟ್ ಬಿಎಂಪಿಯಾಗಿ ಉಳಿಸಿ. ಉಳಿಸುವಾಗ ಬಣ್ಣದ ಮಾಹಿತಿ ಬರೆಯಬೇಡ ಎಂಬ ಆಯ್ಕೆಗೆ ಟಿಕ್ ಹಾಕಿ. ಹೊಸ ಬಗೆಯ ಬಿಎಂಪಿ ತಲೆಬರಹ ಹಳೆಯ ಪ್ರೋಗ್ರಾಮಿಗೆ ಅರ್ಥವಾಗದೇ ಹೋಗಬಹುದು.

ಮೊದಲು ವಿಡಿಯೊ ಬರೆದು, ಡಿಸ್ಕ್ ಬರೆಯುವ ತಂತ್ರಾಂಶವಾದ ಕೆ3ಬಿಯಲ್ಲಿ ಪರಿಶೀಲಿಸಿ. ಆಮೇಲೆ ಡಿಸ್ಕನ್ನು ಮಗುಚಿ, ಲೇಬಲ್ ಬದಿ ಕೆಳಗೆ ಮಾಡಿ ಹಾಕಿ, 4ಎಲ್‌ಗೆ ಆ ಬಿಎಂಪಿ ಫೈಲನ್ನು ಕೊಡಿ. ಲೇಸರ್ ಒಳಗಿನಿಂದ ಹೊರಕ್ಕೆ ಸುತ್ತು ಸುತ್ತಾಗಿ ಸುಡುವುದರಿಂದ ಬರಹ ಎಷ್ಟು ಹೊರಗೆ ಚಾಚಿದೆಯೋ ಅಷ್ಟು ಹೊತ್ತು. ಒಳಸುತ್ತಿನ ಒಂದು ಸಾಲಿಗೆ ಕೆಲವೇ ನಿಮಿಷ, ಇಡೀ ಡಿಸ್ಕ್ ತುಂಬಿದ ಚಿತ್ರಕ್ಕೆ ಅರ್ಧ ಗಂಟೆಯ ಹತ್ತಿರ. ನಡುವೆ ಕರೆಂಟ್ ಹೋದರೂ ಡಿಸ್ಕ್ ಹಾಳಾಯಿತೆಂದು ಎಸೆಯಬೇಡಿ: ನಡುವಿನ ಉಂಗುರದಲ್ಲಿ ಸಂಕೇತಗಳಿವೆ, ಅವನ್ನು ನೋಡಿ ಡ್ರೈವ್ ಅದೇ ಜಾಗಕ್ಕೆ ಮತ್ತೆ ಸುಡುತ್ತದೆ. ಮಸುಕಾಗಿ ಬಂದರೂ ಇದೇ ಉಪಾಯ, ಅದೇ ಫೈಲನ್ನು ಇನ್ನೊಮ್ಮೆ ಕೊಡಿ. ಸಿಸ್ಟಮ್ ಸಾಫ್ಟ್‌ವೇರಿನ ಜೊತೆ ಬರುವ ಇಎಲ್‌ಸಿಯು ಸ್ಕ್ರಿಪ್ಟ್ ಓಡಿಸಿದರೆ ಕಪ್ಪು ಇನ್ನಷ್ಟು ಗಾಢವಾಗುತ್ತದೆ, ಹೊತ್ತೂ ಹೆಚ್ಚು ಹಿಡಿಯುತ್ತದೆ.

ಡಿಸ್ಕೇ ಗುರುತಾಗದಿದ್ದರೆ ಸಿಸ್ಟಮ್ ಸಾಫ್ಟ್‌ವೇರಿನ ಕೊನೆಯ ಆವೃತ್ತಿ ಹಾಕಿ ನೋಡಿ, ನಡುವಿನ ಉಂಗುರವನ್ನು ಒಣ ಬಟ್ಟೆಯಿಂದ ಒರೆಸಿ. ಸುಟ್ಟ ಬರಹಕ್ಕೆ ಬಿಸಿಲು ಆಗದು. ಕಿಟಕಿ ಬದಿಯ ಕಪಾಟಿನಲ್ಲಿಟ್ಟರೆ ಮಾಸುತ್ತದೆ. ಪೆಟ್ಟಿಗೆಯಲ್ಲಿ ಮುಚ್ಚಿಡಿ.